ಮನೆ ಬಿಡುವಾಗ ಏನು ಹೇಳುತ್ತೀರಿ

ನನ್ನ ಮೊದಲ ಕೆಲಸಕ್ಕೆ ಎರಡೇ ಕೀಲಿ ಸಾಕಾಗಿತ್ತು. ಎಚ್ ಒತ್ತಿದರೆ ಹ್ಯೂಮನ್, ಅಂದರೆ ಮನುಷ್ಯ. ಬಿ ಒತ್ತಿದರೆ ಬಾಟ್. ಬಾಟ್ ಅಂದರೆ ತಾನೇ ತಾನಾಗಿ ಓಡುವ ಪ್ರೋಗ್ರಾಮು. ಮನುಷ್ಯನ ವೇಷ ಹಾಕಿಕೊಂಡು ಕಂಡವರ ವೆಬ್‌ಸೈಟಿಗೆ ನುಗ್ಗಿ ಮಾತ್ರೆ, ಕೈಗಡಿಯಾರ, ಜೂಜಿನ ಜಾಹೀರಾತು ಅಂಟಿಸಿ ಹೋಗುವಂಥದ್ದು. ಕೋಲ್ಕತ್ತದ ಸಾಲ್ಟ್ ಲೇಕಿನ ಸೆಕ್ಟರ್ ಫೈವಿನಲ್ಲಿ ಹೊಸದಾಗಿ ಎದ್ದಿದ್ದ ಗಾಜಿನ ಕಟ್ಟಡದ ಐದನೆಯ ಮಹಡಿಯಲ್ಲಿ ನಾವು ನಲವತ್ತು ಜನ ಸಾಲಾಗಿ ಕೂತು, ಪರದೇಶದ ವೆಬ್‌ಸೈಟುಗಳಿಗೆ ಬಂದ ಸಂದೇಶಗಳನ್ನು ಒಂದೊಂದಾಗಿ ಓದಿ, ಬರೆದದ್ದು ಮನುಷ್ಯನೋ ಬಾಟೋ ಎಂದು ಹೇಳಬೇಕಿತ್ತು. ಆಗಿನ ಕಾಲಕ್ಕೆ ಕುತ್ತಿಗೆಗೆ ಗುರುತಿನ ಚೀಟಿಯ ಪಟ್ಟಿ ಕಟ್ಟಿಕೊಂಡು ಸೆಕ್ಟರ್ ಫೈವಿಗೆ ಹೋಗುವವರೆಲ್ಲ ಸಾಫ್ಟ್‌ವೇರ್ ಎಂಜಿನಿಯರುಗಳೇ. ಅಪ್ಪ ಊರಿನವರಿಗೆ ಫೋನಿನಲ್ಲಿ ಹಾಗೆಯೇ ಹೇಳುತ್ತಿದ್ದರು. ನಾನು ತಿದ್ದಲು ಹೋಗಲಿಲ್ಲ.

ಮೊದಲ ವಾರ ತರಬೇತಿ. ನಮ್ಮ ಟೀಮ್ ಲೀಡರ್ ಸ್ವಲ್ಪ ಬೊಜ್ಜು ಬಂದ ಬಂಗಾಳಿ; ನಾಲ್ಕು ಗಂಟೆಯಾದರೆ ಮೇಜಿನ ಮೇಲೆ ಪೇಪರು ಹಾಸಿ ಮುಡಿ ತಿನ್ನುವವನು, ನಮ್ಮ ಮಂಡಕ್ಕಿಯನ್ನೇ ಅಲ್ಲಿ ಮುಡಿ ಎನ್ನುವುದು. ಮಂಡಕ್ಕಿ ಜಗಿಯುತ್ತಲೇ ಅವನು ಹೇಳಿಕೊಟ್ಟ ಪಾಠ ಎರಡು. ಒಂದು, ಬಾಗಿಲು ಮುಚ್ಚಿದೆ ಎಂದು ಗೊತ್ತಾದರೆ ಮನುಷ್ಯ ಬೇರೆ ದಾರಿ ಹುಡುಕುತ್ತಾನೆ. ಬಾಟ್ ಹುಡುಕುವುದಿಲ್ಲ, ಅದೇ ಬಾಗಿಲನ್ನು ಅದೇ ರೀತಿ ಬಡಿಯುತ್ತಿರುತ್ತದೆ. ಆದ್ದರಿಂದ ಮೂರು ಸಲ ಒಂದೇ ಮಾತು ಬಂದರೆ ಓದಲು ಹೋಗಬೇಡಿ, ಬಿ ಒತ್ತಿ. ಎರಡು, ಒತ್ತಿದ ಮೇಲೆ ಹಿಂದಿರುಗಿ ನೋಡಬೇಡಿ. ಹಿಂದಿರುಗಿ ನೋಡುವ ಗುಂಡಿಯನ್ನೇ ಅವರು ತೆಗೆದುಹಾಕಿದ್ದರು.

ಮೊದಲ ತಿಂಗಳು ನನಗೆ ಈ ಕೆಲಸ ಖುಷಿ ಕೊಟ್ಟಿತು. ಯಾರದೋ ನಾಯಿ ಸತ್ತಿತ್ತು, ಯಾರಿಗೋ ಮದುವೆ ನಿಶ್ಚಯವಾಗಿತ್ತು, ಯಾರೋ ಕೇಕು ಉಬ್ಬಲಿಲ್ಲ ಎಂದು ಅಳುತ್ತಿದ್ದರು. ಎಚ್, ಎಚ್, ಎಚ್. ಎರಡನೆಯ ತಿಂಗಳಿಗೆ ನಾಯಿ ಸತ್ತವರ ಮೇಲೆ ಅನುಮಾನ ಬರತೊಡಗಿತು, ಏಕೆಂದರೆ ಬಾಟುಗಳೂ ನಾಯಿ ಸತ್ತಿದೆ ಎಂದು ಬರೆದು ಕೆಳಗೆ ಮಾತ್ರೆಯ ಕೊಂಡಿ ಇಡುವುದನ್ನು ಕಲಿತಿದ್ದವು. ನಾಲ್ಕನೆಯ ತಿಂಗಳಿಗೆ ಏನೂ ಅನ್ನಿಸದಾಯಿತು. ಉಲ್ಟಾಡಾಂಗಾದಿಂದ ಆಟೋ ಹತ್ತಿದರೆ ಎದುರು ಕೂತವರ ಮುಖ ನೋಡಿ ಬೆರಳು ತನ್ನಷ್ಟಕ್ಕೆ ತೊಡೆಯ ಮೇಲೆ ಎಚ್ ಒತ್ತುತ್ತಿತ್ತು. ಮನೆಯಲ್ಲಿ ಅಮ್ಮ ಬಡಿಸಿದ್ದರಲ್ಲಿ ಉಪ್ಪು ಹೆಚ್ಚೋ ಕಡಿಮೆಯೋ ತಿಳಿಯುತ್ತಿರಲಿಲ್ಲ. ಯಾರಾದರೂ ಕಣ್ಣೀರು ಹಾಕಿದರೆ ಮೊದಲು ಬರುತ್ತಿದ್ದ ಯೋಚನೆ, ಇದರ ಕೆಳಗೆ ಕೊಂಡಿ ಎಲ್ಲಿದೆ ಎಂಬುದು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿದೆ, ಆದರೆ ಆಗ ಇರಲಿಲ್ಲ.

ನಮ್ಮ ಮನೆ ಸಿಯಾಲ್ದಾ ಸ್ಟೇಷನ್ನಿನ ಹಿಂದಿನ ರೈಲ್ವೆ ಕ್ವಾರ್ಟರ್ಸು. ಅಪ್ಪ ಸಿಗ್ನಲ್ ವಿಭಾಗದವರು, ಧಾರವಾಡದ ಕಡೆಯವರು; ನಾನು ಮೂರು ವರ್ಷದವಳಿದ್ದಾಗ ವರ್ಗವಾಗಿ ಬಂದು ಅಲ್ಲೇ ಉಳಿದರು. ತಮ್ಮ ಹುಟ್ಟಿದ್ದೇ ಕೋಲ್ಕತ್ತದಲ್ಲಿ. ಅವನಿಗೆ ಕನ್ನಡ ಪೂರಾ ಅರ್ಥವಾಗುತ್ತಿತ್ತು, ಮಾತಾಡುವಾಗ ಮಾತ್ರ ಮೊದಲ ಎರಡು ಶಬ್ದ ಕನ್ನಡ, ಉಳಿದದ್ದು ಬಂಗಾಳಿ, ಕೊನೆಗೊಂದು ಹಿಂದಿ. ಅಪ್ಪನಿಗೆ ಇದು ಹಲ್ಲಿಗೆ ಸಿಕ್ಕಿದ ಕಲ್ಲಿನ ಹಾಗೆ. ಅಮ್ಮನಿಗೆ ಏನೂ ತೊಂದರೆಯಿರಲಿಲ್ಲ. ಮಗ ಏನಂದರೂ ಅವಳಿಗೆ ತಿಳಿಯುತ್ತಿತ್ತು.

ಅಮ್ಮನ ಕಟ್ಟುನಿಟ್ಟು ಬೇರೆ ಇದ್ದವು. ಡಬ್ಬಿಯಲ್ಲಿ ಅಕ್ಕಿ ಮುಗಿದರೆ ಮುಗಿಯಿತು ಅನ್ನಬಾರದು, ಹೆಚ್ಚಾಗ್ಯಾವ ಅನ್ನಬೇಕು. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯಿಂದ ಹೊರಡುವಾಗ ಹೋಗ್ತೀನಿ ಅನ್ನಬಾರದು. ಹೋಗುವವರು ಸತ್ತವರು. ಬದುಕಿದವರು ಬರ್ತೀನಿ ಅನ್ನಬೇಕು. ಮೂಲೆಯಂಗಡಿಗೆ ಕೊತ್ತಂಬರಿ ತರಲು ಹೊರಟರೂ ಬರ್ತೀನಿ. ಬಾಯಿ ತಪ್ಪಿ ಹೋಗ್ತೀನಿ ಅಂದರೆ ಒಳಗೆ ಕರೆದು ಎರಡು ನಿಮಿಷ ಕೂರಿಸಿ, ನೀರು ಕುಡಿಸಿ, ಮತ್ತೆ ಹೇಳಿಸಿ ಕಳಿಸುತ್ತಿದ್ದಳು. ಬಂಗಾಳಿಗಳಿಗೂ ಇದೇ ಹೆದರಿಕೆ ಇದೆ ಎಂದು ನಮಗೆ ತಿಳಿದದ್ದು ಪಕ್ಕದ ಮನೆಯವರಿಂದ. ಅವರೂ ಹೊರಡುವಾಗ ಹೋಗುತ್ತೇನೆ ಅನ್ನುವುದಿಲ್ಲ, ಆಶಿ ಎನ್ನುತ್ತಾರೆ. ಆಶಿ ಅಂದರೆ ಬರುತ್ತೇನೆ. ತಮ್ಮ ಆ ಶಬ್ದವನ್ನೇ ಹಿಡಿದುಕೊಂಡ. ಚಿಕ್ಕಂದಿನಲ್ಲಿ ನಾನೂ ಹಾಗೇ ಅನ್ನುತ್ತಿದ್ದೆ. ಅಪ್ಪ ಗದರಿದ ಮೇಲೆ ಬರ್ತೀನಿಗೆ ಬದಲಾಯಿಸಿಕೊಂಡೆ. ತಮ್ಮ ಬದಲಾಯಿಸಲಿಲ್ಲ. ಶಾಲೆಗೆ ಹೊರಟರೂ ಫುಟ್‌ಬಾಲಿಗೆ ಹೊರಟರೂ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಆಶಿ. ಅಮ್ಮ ಒಳಗಿನಿಂದ ಹೂಂ ಅನ್ನುವಳು.

ಅವನು ಕಾಲೇಜಿನ ಎರಡನೆಯ ವರ್ಷ ಪರೀಕ್ಷೆಗೆ ಕೂರಲಿಲ್ಲ. ದುರ್ಗಾಪೂಜೆಯ ಸಮಯದಲ್ಲಿ ಬೀದಿಯುದ್ದಕ್ಕೂ ಬಣ್ಣದ ಬಲ್ಬುಗಳಲ್ಲಿ ನವಿಲು, ರೈಲು, ಹಾರುವ ಹಕ್ಕಿ ಮಾಡಿ ನಿಲ್ಲಿಸುತ್ತಾರಲ್ಲ, ಆ ಕೆಲಸದವರ ಜೊತೆ ಸೇರಿಕೊಂಡಿದ್ದ. ತಿಂಗಳುಗಟ್ಟಲೆ ಅವರ ಶೆಡ್ಡಿನಲ್ಲಿ ತಂತಿ ಬಿಗಿಯುತ್ತಿದ್ದನಂತೆ, ನಾವು ಕಾಲೇಜಿಗೆ ಹೋಗಿದ್ದಾನೆ ಅಂದುಕೊಂಡಿದ್ದೆವು. ಗೊತ್ತಾದ ದಿನ ಭಾನುವಾರ, ಮಧ್ಯಾಹ್ನ. ಅಪ್ಪ ಕೂಗಾಡುವವರಲ್ಲ. ಪೇಪರು ಮಡಿಸಿಟ್ಟು ಹೇಳಿದರು.

"ನಾ ಮೂವತ್ತು ವರ್ಷ ಸಿಗ್ನಲ್ ದೀಪಾ ನೋಡೀನಿ. ಅದರಿಂದ ರೈಲು ನಡೀತಾವ. ನೀ ಮಾಡೋ ದೀಪದಿಂದ ಏನ ನಡೀತದ? ಈ ಮನ್ಯಾಗ ಇರಬೇಕಂದ್ರ ಪರೀಕ್ಷಾ ಬರಿ. ಇಲ್ಲಂದ್ರ ಬಾಗಿಲಾ ಅಲ್ಲೇ ಅದ."

ತಮ್ಮ ನನ್ನ ಕಡೆ ನೋಡಿದ. ನಾನು ಅಪ್ಪನ ಕುರ್ಚಿಯ ಹಿಂದೆ ನಿಂತಿದ್ದೆ. "ಅಪ್ಪ ಹೇಳೋದು ಸರಿ ಅದ," ಎಂದೆ. ಅವನು ಒಳಗೆ ಹೋಗಿ ಒಂದು ಚೀಲ ತುಂಬಿಕೊಂಡು ಬಂದ. ಅಮ್ಮ ಅಡಿಗೆಮನೆಯ ಹೊಸ್ತಿಲ ಮೇಲೆ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು. ಚಪ್ಪಲಿ ಮೆಟ್ಟಿ, ಅವಳ ಕಡೆ ತಿರುಗಿ, ಜೀವಮಾನದಲ್ಲಿ ಒಂದೇ ಒಂದು ಸಲ ತಪ್ಪಿಲ್ಲದ ಕನ್ನಡದಲ್ಲಿ ಹೇಳಿದ: "ಹೋಗ್ತೀನಿ."

ಅಮ್ಮ ಅವನನ್ನು ಒಳಗೆ ಕರೆದು ಕೂರಿಸಲಿಲ್ಲ. ನೀರು ಕುಡಿಸಲಿಲ್ಲ. ಬೆರಳಲ್ಲಿ ಸೊಪ್ಪು ಹಿಡಿದುಕೊಂಡೇ ಇದ್ದಳು, ಅಷ್ಟರಲ್ಲಿ ಅವನು ಮೆಟ್ಟಿಲಿಳಿದಿದ್ದ.

ನನ್ನ ಇಮೇಲುಗಳಿಗೆ ಉತ್ತರ ಬರಲಿಲ್ಲ. ಮೊಬೈಲು ನಂಬರು ಬದಲಾಗಿತ್ತು. ಮನೆಯ ಫೋನನ್ನು ಅಪ್ಪ ಎತ್ತುತ್ತಾರೆಂದು ಅವನಿಗೆ ಗೊತ್ತು. ಎರಡು ತಿಂಗಳಾದ ಮೇಲೆ ಅವನ ಸುದ್ದಿ ಬಂದದ್ದು ಯಾರೂ ನಿರೀಕ್ಷಿಸದ ಜಾಗದಲ್ಲಿ. ಕೋಲ್ಕತ್ತದ ಕನ್ನಡ ಸಂಘಕ್ಕೆ ಒಂದು ವೆಬ್‌ಸೈಟಿತ್ತು. ಯುಗಾದಿ ಊಟದ ಫೋಟೋ, ಸದಸ್ಯರ ಪಟ್ಟಿ, ಕೆಳಗೆ ಒಂದು ಗೆಸ್ಟ್‌ಬುಕ್. ಅದರಲ್ಲಿ ಯಾರು ಬೇಕಾದರೂ ನಾಲ್ಕು ಸಾಲು ಬರೆಯಬಹುದು, ಎಲ್ಲರೂ ಓದಬಹುದು. ಆ ಸೈಟನ್ನು ನೋಡಿಕೊಳ್ಳುವವಳು ನಾನು, ಸಂಬಳವಿಲ್ಲದ ಚಾಕರಿ. ಒಂದು ಸಂಜೆ ಗೆಸ್ಟ್‌ಬುಕ್ಕಿನಲ್ಲಿ, ಮಾತ್ರೆಯ ಎರಡು ಜಾಹೀರಾತುಗಳ ನಡುವೆ, ಇಂಗ್ಲಿಷ್ ಅಕ್ಷರಗಳಲ್ಲಿ ಹೀಗಿತ್ತು: ಯುಗಾದಿಗೆ ಹೋಳಿಗೆ ಮಾಡುವ ಅಮ್ಮನಿಗೆ ತಿಳಿಸಿ, ಆಸನ್‌ಸೋಲಿನಲ್ಲಿದ್ದೇನೆ, ಊಟ ಆಗುತ್ತಿದೆ, ನವಿಲು ಮೂರು ಸೆಕೆಂಡಿನಲ್ಲಿ ಗರಿ ಬಿಚ್ಚುತ್ತದೆ. ಹೆಸರಿನ ಜಾಗ ಖಾಲಿ.

ಅಮ್ಮ ಅದನ್ನು ನನ್ನಿಂದ ಮೂರು ಸಲ ಓದಿಸಿದಳು. ಮೂರು ಸೆಕೆಂಡು ಅಂದರೆ ಎಷ್ಟು ಎಂದು ಕೇಳಿದಳು. ನಾನು ಚಿಟಿಕೆ ಹೊಡೆದು ತೋರಿಸಿದೆ. ಅಂದಿನಿಂದ ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಒಂದು ಮಾತು ಕಾದಿರುತ್ತಿತ್ತು. "ಬಂತೇನ?" ಮನೆಯಲ್ಲಿ ಇಂಟರ್ನೆಟ್ಟಿರಲಿಲ್ಲ, ಆಫೀಸಿನಲ್ಲಿ ಹೊರಡುವ ಮೊದಲು ನೋಡಿಕೊಂಡು ಬರುತ್ತಿದ್ದೆ. ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಬರುತ್ತಿತ್ತು. ಮಾಲ್ಡಾದಿಂದ, ಸಿಲಿಗುರಿಯಿಂದ, ಯಾವುದೋ ಊರಿನ ಸೈಬರ್ ಕೆಫೆಯಿಂದ. ಎಲ್ಲವೂ ಅಮ್ಮನಿಗೆ. ನನಗೆ ಒಂದು ಅಕ್ಷರವೂ ಇರಲಿಲ್ಲ, ಇರಬೇಕು ಎಂದು ನಾನು ಕೇಳುವ ಹಾಗೂ ಇರಲಿಲ್ಲ.

ಆಮೇಲೆ ಬಾಟುಗಳ ಕಾಟ ಹೆಚ್ಚಾಯಿತು. ದಿನಕ್ಕೆ ಐವತ್ತು, ನೂರು. ಸಂಘದ ಕಾರ್ಯದರ್ಶಿಗಳು ಬಿಬಿಡಿ ಬಾಗಿನ ಬ್ಯಾಂಕಿನಲ್ಲಿ ಅಧಿಕಾರಿ, ಮೈಸೂರಿನವರು, ಮಡಿವಂತರು. ಅಸಭ್ಯ ಮಾತ್ರೆಗಳ ಜಾಹೀರಾತಿನ ಪಕ್ಕ ತಮ್ಮ ಯುಗಾದಿ ಸಂದೇಶ ಕಂಡು ಅವರಿಗೆ ಎದೆಯೇ ಒಡೆಯಿತು. "ಏನಮ್ಮಾ, ನಿನ್ನ ಕೆಲಸವೇ ಇದಂತಲ್ಲ, ನಮಗೆ ಮಾತ್ರ ಮಾಡಿಕೊಡಲ್ವಾ?" ಎಂದರು. ಮೊದಲು ಅಡ್ಡಾದಿಡ್ಡಿ ಅಕ್ಷರದ ಚಿತ್ರ ಹಾಕಿದೆ, ಓದಿ ಬರೆದರೆ ಮಾತ್ರ ಒಳಗೆ ಬಿಡುವಂಥದ್ದು. ಬಾಟುಗಳು ನಿಂತವು, ಜೊತೆಗೆ ಪೊರೆ ಬಂದ ಕಣ್ಣಿನ ಹಿರಿಯ ಸದಸ್ಯರೂ ನಿಂತರು. ಸೊಟ್ಟ ಅಕ್ಷರ ಬರೆಯುವವರಿಗೆ ಮೊದಲು ಕಾಪಿ ಬರೆಸು ಎಂದು ಒಬ್ಬರು ಫೋನು ಮಾಡಿದರು. ಆಗ ನನಗೆ ಬುದ್ಧಿವಂತಿಕೆಯ ಯೋಚನೆ ಬಂತು. ಚಿತ್ರ ಬೇಡ, ಒಂದು ಪ್ರಶ್ನೆ ಸಾಕು. ಕನ್ನಡಿಗರಿಗೆ ಮಾತ್ರ ಉತ್ತರ ಗೊತ್ತಿರುವಂಥದ್ದು, ಜಗತ್ತಿನ ಯಾವ ಬಾಟಿಗೂ ತಿಳಿಯದ್ದು. ಮನೆ ಬಿಡುವಾಗ ಏನು ಹೇಳುತ್ತೀರಿ?

ಉತ್ತರ ಯಾವುದು ಎಂಬುದರ ಮೇಲೆ ಸಮಿತಿಯಲ್ಲಿ ಒಂದು ಗಂಟೆ ಚರ್ಚೆ. ಕಾರ್ಯದರ್ಶಿಗಳು "ಹೋಗ್ಬಿಟ್ಟು ಬರ್ತೀನಿ" ಅಂದರು. ಹೋಟೆಲು ನಡೆಸುವ ಕುಂದಾಪುರದವರೊಬ್ಬರು "ನಾವು ಹೋಯ್ ಬತ್ತೆ ಅಂಬುದು, ನಿಮ್ಮ ಮೆಷಿನ್ನು ನಮ್ಮನ್ನ ಹೊರಗೆ ಹಾಕಿದ್ರೆ ಯುಗಾದಿಗೆ ಇಡ್ಲಿ ಇಲ್ಲ," ಎಂದು ನಗಾಡಿದರು. ಸಮಿತಿಯಲ್ಲಿದ್ದ ಅಪ್ಪ ಗಂಭೀರವಾಗಿ "ಬರ್ತೀನ್ರಿ ಅನ್ನೋದೊಂದು ಸೇರಿಸು, ರೀ ಇಲ್ಲದ ಮಾತು ಮಾತಲ್ಲ," ಎಂದರು. ನಾನು ಎಲ್ಲವನ್ನೂ ಬರೆದುಕೊಂಡೆ. ಬರ್ತೀನಿ, ಬರ್ತೇನೆ, ಬರ್ತೀನ್ರಿ, ಬತ್ತೆ, ಬರುವೆ. ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದಕ್ಕೂ ನಾಲ್ಕು ನಾಲ್ಕು ಕಾಗುಣಿತ. ಆಫೀಸಿನ ಗೆಳತಿಯೊಬ್ಬಳು ಬರೆದುಕೊಟ್ಟ ಪುಟ್ಟ ಪ್ರೋಗ್ರಾಮಿಗೆ ಈ ಪಟ್ಟಿ ತುಂಬಿದೆ. ಇಡೀ ಕರ್ನಾಟಕ ಅದರೊಳಗೆ ಹಿಡಿಸಿತು ಎಂದು ನನಗೆ ಹೆಮ್ಮೆ. ಭಾನುವಾರವೆಲ್ಲ ಅದರಲ್ಲೇ ಮುಳುಗಿ ಅಮ್ಮನ ಔಷಧಿ ತರಲು ಮರೆತಾಗ ಅಪ್ಪ "ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದು ತಮಾಷೆ ಮಾಡಿದರು.

ಬಾಟುಗಳು ಅಂದೇ ನಿಂತವು. ಗೆಸ್ಟ್‌ಬುಕ್ ತೊಳೆದಿಟ್ಟ ಹಾಗಾಯಿತು. ಹೊರಗಿಟ್ಟವರ ಉತ್ತರಗಳು ಮಾತ್ರ ತಾರೀಖಿನ ಸಮೇತ ಬೇರೊಂದು ಫೈಲಿನಲ್ಲಿ ಬೀಳುತ್ತಿದ್ದವು. ಅವರು ಬರೆದ ಸಂದೇಶ ಉಳಿಯುತ್ತಿರಲಿಲ್ಲ, ಪ್ರಶ್ನೆಗೆ ಕೊಟ್ಟ ಉತ್ತರವಷ್ಟೇ. ಎರಡು ತಿಂಗಳ ನಂತರ ಒಮ್ಮೆ ಅದನ್ನು ತೆರೆದು ನೋಡಿದೆ. ಮಾತ್ರೆಯ ಹೆಸರುಗಳು, ಅರ್ಥವಿಲ್ಲದ ಅಕ್ಷರಗಳು, ನಡುವೆ ನಾಲ್ಕಕ್ಷರದ ಒಂದೇ ತುಣುಕು ಮತ್ತೆ ಮತ್ತೆ ಬಂದಿತ್ತು. ಒಂದರ ಕೆಳಗೊಂದು ಐದು ಸಲ. ಬೆರಳು ತಾನೇ ಬಿ ಕಡೆ ಸರಿಯಿತು. ಓದದೆ ಫೈಲು ಮುಚ್ಚಿದೆ.

ತಮ್ಮನ ಸಂದೇಶಗಳೂ ನಿಂತಿದ್ದವು. ನನಗೆ ಎರಡಕ್ಕೂ ಸಂಬಂಧ ಕಾಣಲಿಲ್ಲ. ಅವನು ಕನ್ನಡದವನು, ಪ್ರಶ್ನೆ ಕನ್ನಡದ್ದು, ಒಳಗೆ ಬರಬಹುದು. ಬರುತ್ತಿಲ್ಲ ಅಂದರೆ ಅವನಿಗೆ ಬೇಡವಾಗಿದೆ, ಅಷ್ಟೆ. ಆರು ತಿಂಗಳು ಹೀಗೆ ಕಳೆಯಿತು. "ಬಂತೇನ?" "ಇಲ್ಲ." "ಬಂತೇನ?" "ಇಲ್ಲ." ಅಮ್ಮ ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಕೇಳುತ್ತಿದ್ದಳು, ನಾನು ಅದೇ ಉತ್ತರವನ್ನು ಅದೇ ದನಿಯಲ್ಲಿ ಹೇಳುತ್ತಿದ್ದೆ. ನಮ್ಮ ಟೀಮ್ ಲೀಡರ್ ಕೇಳಿಸಿಕೊಂಡಿದ್ದರೆ ಇಬ್ಬರಿಗೂ ಬಿ ಒತ್ತುತ್ತಿದ್ದ.

ಅಪ್ಪ ನಿವೃತ್ತರಾದರು. ಕ್ವಾರ್ಟರ್ಸು ಬಿಡಬೇಕು. ಹುಬ್ಬಳ್ಳಿಯಲ್ಲಿ ಅಮ್ಮನ ತಂಗಿ ಮೌಶಿಯ ಮನೆಯ ಹತ್ತಿರ ಬಾಡಿಗೆ ಮನೆ ನೋಡಿದ್ದಾಯಿತು, ಟಿಕೆಟು ತೆಗೆಸಿದ್ದಾಯಿತು. ನಾನು ಸದರ್ನ್ ಅವೆನ್ಯೂ ಹತ್ತಿರ ಹುಡುಗಿಯರ ಒಂದು ವಸತಿಗೆ ಹೋಗುವುದೆಂದು ತೀರ್ಮಾನ. ಅಪ್ಪ ಪುಸ್ತಕ, ಹಾಸಿಗೆ, ದೇವರ ಪೆಟ್ಟಿಗೆ ಎಲ್ಲ ಕಟ್ಟಿದರು. ಅಡಿಗೆಮನೆಯ ಒಂದು ಸೌಟೂ ಅಲುಗಲಿಲ್ಲ. ಅಮ್ಮ ಕಟ್ಟಲೂ ಇಲ್ಲ, ಕಟ್ಟಲು ಬಿಡಲೂ ಇಲ್ಲ.

"ಅಂವಾ ಒಂದಿನಾ ಬಂದು ಈ ಬಾಗಿಲಾ ಬಡದರ ಯಾರೋ ತಗೀತಾರ," ಎಂದಳು. "ನಾವು ಎಲ್ಲಿದ್ದೀವಿ ಅಂತ ಅವಗ ಗೊತ್ತಾಗೂ ತನಕಾ ನಾ ಏಳೂದಿಲ್ಲ."

ಹುಬ್ಬಳ್ಳಿಯ ವಿಳಾಸವನ್ನು ಗೆಸ್ಟ್‌ಬುಕ್ಕಿನ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿದೆ. ಓದುವುದಕ್ಕೆ ಯಾವ ಪ್ರಶ್ನೆಯೂ ಅಡ್ಡವಿರಲಿಲ್ಲ, ಬರೆಯುವುದಕ್ಕೆ ಮಾತ್ರ. ಅಮ್ಮನಿಗೆ ಅದು ಸಾಲಲಿಲ್ಲ. ಓದಿದ ಎಂದು ಹೇಗೆ ತಿಳಿಯಬೇಕು? ಹತ್ತು ದಿನ ಕಾದೆವು. "ಬಂತೇನ?" "ಇಲ್ಲ." ಹೊರಡಲು ಎರಡೇ ವಾರವಿತ್ತು. ಅಪ್ಪ ಮೊದಲ ಸಲ ನನ್ನೆದುರು ಅಸಹಾಯಕರಾಗಿ ಕೂತರು. "ಏನರ ಮಾಡವಾ," ಎಂದರು.

ನಾನು ಮಾಡಿದೆ. ಅದರ ಬಗ್ಗೆ ಆಗ ನನಗೆ ಯಾವ ಅಳುಕೂ ಇರಲಿಲ್ಲ. ವರ್ಷಗಟ್ಟಲೆ ಮನುಷ್ಯರ ಮಾತನ್ನೂ ಮನುಷ್ಯರ ಹಾಗೆ ನಟಿಸುವ ಮಾತನ್ನೂ ಓದಿದವಳು, ನಾಲ್ಕು ಸಾಲು ಬರೆಯುವುದು ಎಷ್ಟರ ಕೆಲಸ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೂತು ತಮ್ಮನ ಹೆಸರಿನಲ್ಲಿ ಬರೆದೆ. ಅವನ ಹಾಗೆ ಎರಡು ಕಾಗುಣಿತ ಕೆಡಿಸಿದೆ, ನಡುವೆ ಒಂದು ಬಂಗಾಳಿ ಶಬ್ದ ಸೇರಿಸಿದೆ, ಬಲ್ಬಿನ ವಿಷಯ ಒಂದು ಸಾಲು. ಪ್ರಿಂಟು ತೆಗೆದು ಮನೆಗೆ ಹೋದೆ. ಅಂದು ಅಮ್ಮ ಕೇಳುವ ಮೊದಲೇ "ಬಂದದ," ಎಂದೆ.

ಅವಳು ಕೈ ಒರೆಸಿಕೊಂಡು ಬಂದು ಕೂತಳು. ನಾನು ಓದಿದೆ. "ಅಮ್ಮಾ, ಆರಾಮ ಇದ್ದೀನಿ. ಈಗ ರಾಣಾಘಾಟಿನಲ್ಲಿ ಕಾಜ್ ನಡೀತಾ ಇದೆ, ಬಲ್ಬಿನ ರೈಲು ಮಾಡ್ತಿದ್ದೀವಿ. ಹೊಸಾ ವಿಳಾಸ ನೋಡಿದೆ, ಬರಕೊಂಡೆ. ನೀವು ಆರಾಮಾಗಿ ಹೋಗಿ. ಕೆಲಸ ಮುಗಿದ ಮೇಲೆ ಅಲ್ಲಿಗೇ ಬರ್ತೀನಿ."

ಅಮ್ಮ ಕಾಗದ ಇಸಿದುಕೊಂಡು ನೋಡಿದಳು. ಇಂಗ್ಲಿಷ್ ಅಕ್ಷರ ಅವಳಿಗೆ ಬಾರದು, ಆದರೂ ನೋಡಿದಳು. ಆಮೇಲೆ ನಾಲ್ಕಾಗಿ ಮಡಿಸಿ ನನ್ನ ಕೈಗೇ ಕೊಟ್ಟಳು.

"ಇದನ್ನ ನೀ ಬರದೀ."

"ಇಲ್ಲ. ಯಾಕ ಹಂಗಂತಿ?"

"ಕಡೀಕೆ ಬರ್ತೀನಿ ಅಂತ ಬರದದ. ಅಂವಾ ಎಂದರ ಹಂಗ ಅಂದಾನೇನ? ನೀ ಅಂತಿ, ನಿಮ್ಮಪ್ಪ ಅಂತಾರ. ಅಂವಾ ಆಶಿ ಅಂತಾನ." ಸಿಟ್ಟಿಲ್ಲದೆ ಹೇಳಿದಳು. "ನೀ ಇಷ್ಟ ಚಂದ ಕನ್ನಡಾ ಬರೀಬಾರದಿತ್ತು."

ನಾನು ಕಾಗದ ಹಿಡಿದು ನಿಂತಿದ್ದೆ. ಸಿಕ್ಕಿಬಿದ್ದ ನಾಚಿಕೆ ಆಗಬೇಕಿತ್ತು, ಆಗಲಿಲ್ಲ. ಬದಲಿಗೆ ಆ ಶಬ್ದ ತಲೆಯೊಳಗೆ ತಾನಾಗಿ ಇಂಗ್ಲಿಷ್ ಅಕ್ಷರಗಳಾಗಿ ಬಿಚ್ಚಿಕೊಂಡಿತು. ಎ, ಎಸ್, ಎಚ್, ಐ. ನಾಲ್ಕಕ್ಷರ. ಅದನ್ನು ನಾನು ಎಲ್ಲೋ ನೋಡಿದ್ದೆ, ಒಂದರ ಕೆಳಗೊಂದು. ಎಲ್ಲಿ ಎಂದು ನೆನಪಾಗಲು ಕಷ್ಟವಾಗಲಿಲ್ಲ.

ಮಾರನೆಯ ದಿನ ಆಫೀಸಿಗೆ ಎಲ್ಲರಿಗಿಂತ ಮೊದಲು ಹೋಗಿ ಫೈಲು ತೆರೆದೆ. ಈ ಸಲ ಓದಿದೆ. ಆಶಿ. ಎಂಟು ದಿನ ಬಿಟ್ಟು ಆಶಿ, ಆಶಿ. ಕಾಳಿಪೂಜೆಯ ಹೊತ್ತಿಗೆ ಒಂದೇ ಮಧ್ಯಾಹ್ನ ನಾಲ್ಕು ಸಲ ಆಶಿ. ನಡುವೆ ಬಿಡಿಬಿಡಿಯಾಗಿ ಇನ್ನೂ ಮೂರು, ಮತ್ತೊಂದು ಕಡೆ ಆಶಿ ಮಾ. ಹುಬ್ಬಳ್ಳಿಯ ವಿಳಾಸ ಹಾಕಿದ ಮರುದಿನ ಮೂರು ಸಲ, ನಿಮಿಷಕ್ಕೊಂದರಂತೆ. ಒಟ್ಟು ಹದಿನಾಲ್ಕು. ಅಂದರೆ ಹದಿನಾಲ್ಕು ಸಲ ಯಾವುದೋ ಊರಿನ ಸೈಬರ್ ಕೆಫೆಯಲ್ಲಿ ಕೂತು ಅವನು ಅಮ್ಮನಿಗೆ ಏನೋ ಬರೆದಿದ್ದ, ನನ್ನ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟಿದ್ದ, ನನ್ನ ಬಾಗಿಲು ತಪ್ಪು ಎಂದಿತ್ತು. ಮನೆ ಬಿಡುವಾಗ ಏನು ಹೇಳುತ್ತೀರಿ ಎಂದು ಕೇಳಿದವಳು ಅಕ್ಕ. ಅವನು ಏನು ಹೇಳುತ್ತಾನೆಂದು ಅಕ್ಕನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಅವನು ಬೇರೆ ದಾರಿ ಹುಡುಕಲಿಲ್ಲ. ಬರ್ತೀನಿ ಎಂದು ಒಮ್ಮೆ ಬರೆದಿದ್ದರೆ ಸಾಕಿತ್ತು, ಬರೆಯಲಿಲ್ಲ. ಅದೇ ಬಾಗಿಲನ್ನು ಅದೇ ರೀತಿ ಬಡಿದ. ನಾನು ಬೇಕೆಂದೇ ತೆಗೆಯುತ್ತಿಲ್ಲ, ಅಪ್ಪನ ಕುರ್ಚಿಯ ಹಿಂದೆ ಇನ್ನೂ ನಿಂತೇ ಇದ್ದೇನೆ ಎಂದುಕೊಂಡಿರಬೇಕು. ಇಪ್ಪತ್ತು ವರ್ಷ ಆ ಊರಿನ ಟ್ರಾಮು, ಆಟೋ, ಮಾರ್ಕೆಟ್ಟಿನಲ್ಲಿ ದಿನಕ್ಕೆ ಹತ್ತು ಸಲ ಆಶಿ ಎಂಬ ಮಾತನ್ನು ಕೇಳಿದವಳು ನಾನು. ಕುಂದಾಪುರದ ಬತ್ತೆಗೆ ಜಾಗ ಮಾಡಿದ್ದೆ. ನಮ್ಮ ಮನೆಯ ಆಶಿಗೆ ಮಾಡಿರಲಿಲ್ಲ.

ಒಂಬತ್ತು ಗಂಟೆಗೆ ಉಳಿದವರು ಬಂದರು. ಪಟ್ಟಿಗೆ ಆ ಶಬ್ದ ಸೇರಿಸಿ, ಫೈಲು ಮುಚ್ಚಿ, ದಿನದ ಕೆಲಸಕ್ಕೆ ಕೂತೆ. ಅಂದು ಬೆರಳು ನಿಧಾನವಾಗಿತ್ತು ಎಂದು ಟೀಮ್ ಲೀಡರ್ ದೂರಿದ. ಮೂರು ಸಲ ಒಂದೇ ಮಾತು ಬಂದ ಸಂದೇಶಗಳನ್ನೂ ನಾನು ಪೂರ್ತಿ ಓದುತ್ತಿದ್ದೆ.

ಸಂಜೆ ಮನೆಗೆ ಹೋದಾಗ ಅಮ್ಮ ಕೇಳಲಿಲ್ಲ. ಮೊದಲ ಸಲ ಕೇಳಲಿಲ್ಲ. ಮೆಂತ್ಯ ಬಿಡಿಸುತ್ತ ಹೊಸ್ತಿಲಲ್ಲಿ ಕೂತಿದ್ದಳು. ನಾನು ಎದುರಿಗೆ ನೆಲದ ಮೇಲೆ ಕೂತೆ.

"ಬಂದಿದ್ದ," ಎಂದೆ. "ಹದಿನಾಲ್ಕು ಸಲ ಬಂದಿದ್ದ. ನಾನೇ ಒಳಗ ಬಿಡಲಿಲ್ಲ."

ಹೇಗೆ, ಏನು ಎಂದೆಲ್ಲ ಹೇಳಿದೆ. ಪ್ರಶ್ನೆ, ಪಟ್ಟಿ, ಫೈಲು. ಅವಳಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಸ್ವಲ್ಪ ಏನಾದರೂ ಅನ್ನಿಸುತ್ತಿತ್ತೇನೋ.

"ಏನ ಬರದಿದ್ದ?" ಎಂದಳು.

"ಅದು ಉಳದಿಲ್ಲಮ್ಮ. ಬರದದ್ದೆಲ್ಲಾ ಅಳಿಸಿ ಹೋಗೇದ. ಬಾಗಲದಾಗ ಹೇಳಿದ ಮಾತಷ್ಟ ಉಳದದ."

"ಬಾಗಲದಾಗ ಏನಂದ?"

"ಆಶಿ."

"ಹದಿನಾಲ್ಕು ಸಲಾನೂ?"

"ಹದಿನಾಲ್ಕು ಸಲಾನೂ."

ಅವಳು ಕೈಯಲ್ಲಿದ್ದ ಸೊಪ್ಪನ್ನು ಬುಟ್ಟಿಗೆ ಹಾಕಿದಳು. "ಮತ್ತ ಏನ ಬೇಕಾಗಿತ್ತು," ಎಂದಳು. "ಹೋಗ್ತೀನಿ ಅಂದಾಂವ ಹದಿನಾಲ್ಕು ಸಲ ಬರ್ತೀನಿ ಅಂದಾನ." ಎದ್ದು ಒಳಗೆ ಹೋದಳು. ಮೇಲಿನ ಹಲಗೆಯಿಂದ ಹಿತ್ತಾಳೆ ಡಬ್ಬಿಗಳನ್ನು ಇಳಿಸುವ ಸದ್ದು ಕೇಳಿಸಿತು. ಅಪ್ಪ ಹಗ್ಗ ತಂದು ಅಡಿಗೆಮನೆಯ ಬಾಗಿಲಲ್ಲಿ ನಿಂತರು. ಅವರಿಬ್ಬರೂ ರಾತ್ರಿ ಊಟದ ಹೊತ್ತಿನವರೆಗೆ ಪಾತ್ರೆ ಕಟ್ಟಿದರು, ನಾನು ಹಳೆಯ ಪೇಪರು ಹರಿದು ಹರಿದು ಕೊಟ್ಟೆ. ನನಗೆ ಅಳು ಬರಲಿಲ್ಲ.

ಎರಡು ವಾರದಲ್ಲಿ ಅವರು ಹೊರಟರು. ಹೌರಾದಲ್ಲಿ ರೈಲು ಅಲುಗಿದಾಗ ಅಮ್ಮ ಕಿಟಕಿಯಿಂದ "ಬರ್ತೀವಿ," ಎಂದಳು. ನಾನು ಹೂಂ ಎಂದೆ. ಗೆಸ್ಟ್‌ಬುಕ್ಕಿನಲ್ಲಿ ಅಲ್ಲಿಯವರೆಗೂ ಏನೂ ಬಂದಿರಲಿಲ್ಲ. ಹದಿನಾಲ್ಕು ಸಲ ಬಡಿದವನು ಹದಿನೈದನೆಯ ಸಲ ಯಾಕೆ ಬಡಿಯಬೇಕು ಎಂದು ನಾನು ಯೋಚಿಸುತ್ತಿದ್ದೆ. ಅದು ಬಾಟುಗಳ ಕೆಲಸ.

ಒಂದು ಭಾನುವಾರ ಬೆಳಿಗ್ಗೆ, ವಸತಿಯ ಹತ್ತಿರದ ಸೈಬರ್ ಕೆಫೆಯಲ್ಲಿ, ಅದು ಬಂದಿತ್ತು. ಹೆಸರಿನ ಜಾಗ ಎಂದಿನಂತೆ ಖಾಲಿ. ಈ ಸಲ ಅಮ್ಮನಿಗಲ್ಲ. ಬಂಗಾಳಿಯಲ್ಲಿ ಒಂದೇ ಸಾಲು: ದಿದಿ, ಏತೊದಿನ್ ದೊರ್‌ಜಾ ಖುಲಿಶ್‌ನಿ ಕೇನೊ? ಅಕ್ಕಾ, ಇಷ್ಟು ದಿನ ಬಾಗಿಲು ಯಾಕೆ ತೆಗೆಯಲಿಲ್ಲ?

ಮರುಸಂದೇಶ ಬರೆಯುವ ಪೆಟ್ಟಿಗೆ ತೆರೆದೆ. ಪಕ್ಕದ ಕಂಪ್ಯೂಟರಿನವರು ಎದ್ದು ಹೋಗಿ ಬೇರೆಯವರು ಬಂದು ಕೂತರು. ಆಗ ಬೆರಳು ತನ್ನಷ್ಟಕ್ಕೆ ತಾನೇ, ಆಫೀಸಿನಲ್ಲಿ ಒತ್ತುವ ಹಾಗೆ, ಎಚ್ ಒತ್ತಿತು. ಬಿಳಿ ಪೆಟ್ಟಿಗೆಯಲ್ಲಿ ಒಂದೇ ಒಂದು ಅಕ್ಷರ ಮೂಡಿತು. ಅಳಿಸಲು ಹೋದೆ, ಅಳಿಸಲಿಲ್ಲ. ಕೆಳಗಿನ ಪ್ರಶ್ನೆಗೆ ಆಶಿ ಎಂದು ಉತ್ತರ ಕೊಟ್ಟು ಅದನ್ನು ಹಾಗೆಯೇ ಕಳಿಸಿದೆ.